ಹೊಸ್ತಿಲಲ್ಲಿ ನಿಂತ ಕೌದಿ

ಪ್ರಿಯಾ ಮತ್ತೆ ಎಂಟರ್ ಒತ್ತಿದಳು. ಕೊಟ್ಟೂರಿನ ಹೆಂಗಸರ ಕೌದಿಗಳ ವೆಬ್‌ಸೈಟನ್ನು ಮುಂಬೈನ ಸರ್ವರಿಗೆ ತಾನಾಗಿಯೇ ಏರಿಸಬೇಕಿದ್ದ ಕಂಪ್ಯೂಟರ್ ಸ್ಕ್ರಿಪ್ಟ್, ತಪ್ಪೇನೆಂದೂ ಹೇಳದೆ ಸುಮ್ಮನೆ ನಿಂತಿತ್ತು. ನಿನ್ನೆಯಷ್ಟೇ ಸರ್ವರ್ ಬದಲಾಗಿತ್ತು. ಕೌದಿ ಹೊಲಿದವರೆಲ್ಲ ನೋಡಲು ಬಂದು ಅವಳ ಹೊಸ ಆಫೀಸಿನ ಹೊರಗೆ ಕಟ್ಟೆಯ ಮೇಲೆ ಕೂತಿದ್ದರು.

ಅವರಲ್ಲೊಬ್ಬಳಾದ ದ್ಯಾಮಕ್ಕ ಚಹಾ ತಂದು ಹೊಸ್ತಿಲಲ್ಲೇ ನಿಂತಳು.

“ಯಾಕ ಅಲ್ಲೇ ನಿಂತಿ, ದೊಡ್ಡವ್ವ?”

“ಹೊಸ ಜಾಗ. ಬಾ ಅನ್ನೋತನಕ ಹೆಂಗ ಬರ್ಲಿ?”

ಪ್ರಿಯಾ ಅವಳನ್ನೇ ನೋಡಿದಳು. ಆಮೇಲೆ ಸ್ಕ್ರಿಪ್ಟ್ ಬಿಟ್ಟು, ತಾನೇ ಹೊಸ ಸರ್ವರಿಗೆ ಸಂಪರ್ಕ ಕೊಟ್ಟಳು. ತೆರೆಯ ಮೇಲೆ ಪ್ರಶ್ನೆ ಬಂತು: ಈ ಮಷೀನಿನ ಪರಿಚಯವಿಲ್ಲ, ಮುಂದುವರಿಯಲೇ? ಸ್ಕ್ರಿಪ್ಟ್ ಕಾಯುತ್ತಿದ್ದುದು ಈ ಉತ್ತರಕ್ಕೇ. “ಬಾ ಒಳಗ” ಎನ್ನುತ್ತ ಹೌದೆಂದು ಒತ್ತಿ, ಮತ್ತೆ ಸ್ಕ್ರಿಪ್ಟ್ ಓಡಿಸಿದಳು.

ಕೆಂಪಂಚಿನ ಕೌದಿ ತೆರೆ ತುಂಬಿತು. ಒಳಗೆ ಬಂದ ದ್ಯಾಮಕ್ಕ ತೆರೆಯ ಗಾಜಿನ ಮೇಲೆ ತನ್ನ ಹೊಲಿಗೆಯನ್ನು ಸವರಿ, ಕಟ್ಟೆಯತ್ತ ತಿರುಗಿದಳು. “ಬರ್ರೆವ್ವ, ಎಲ್ಲಾರೂ ಒಳಗ ಬರ್ರಿ.”