ಅಂಚು ಹಿಡಿದು

ವರ್ನಾ 1807ರ ಬೆಳ್ಳಿಯ ಅರ್ಧ ಡಾಲರನ್ನು ಅಡುಗೆಮನೆಯ ನಲ್ಲಿಯ ಕೆಳಗೆ ಹಿಡಿದು ಸೋಡಾಪುಡಿ ಹಾಕಿ ತಿಕ್ಕುತ್ತಿದ್ದಳು. ಗಂಡ ಆರಿನ್ ಓಡಿಬಂದು ನಲ್ಲಿ ನಿಲ್ಲಿಸುವಷ್ಟರಲ್ಲಿ ಎಲ್ಲ ಮುಗಿದಿತ್ತು. ಇನ್ನೂರು ವರ್ಷ ನಿಧಾನವಾಗಿ ಕೂಡಿಕೊಂಡಿದ್ದ ನೀಲಿ, ನೇರಳೆ, ಅಂಚಿನ ಜೇನುಬಣ್ಣ ತೊಳೆದುಹೋಗಿ, ನಾಣ್ಯ ಹೊಸ ಚಮಚದಂತೆ ಬೆಳ್ಳಗೆ ಹೊಳೆಯುತ್ತಿತ್ತು.

ಹಳೆಯ ನಾಣ್ಯಕ್ಕೆ ಬೆಲೆ ತರುವ ಆ ಬಣ್ಣ ನೋಡುವುದನ್ನು ಅವನಿಗೆ ಕಲಿಸಿದವಳೇ ಅವಳು. ಓಹಿಯೋದ ನಾಣ್ಯ ಮೇಳಗಳಲ್ಲಿ ಮಳಿಗೆ ಹಾಕಿ ಕೂತಾಗ ಯಾರಾದರೂ ಉಜ್ಜಿದ ನಾಣ್ಯ ಮಾರಲು ತಂದರೆ, "ನಿಮ್ಮಜ್ಜಿ ಮುಖದ ಸುಕ್ಕೂ ಹಿಂಗೇ ಉಜ್ಜಿ ತೆಗೀತೀರಾ?" ಎಂದು ಛೇಡಿಸಿ ಸಾಗಹಾಕುತ್ತಿದ್ದವಳು.

"ಎಷ್ಟು ಕೊಳೆ ಹಿಡಿದಿತ್ತು ಗೊತ್ತಾ?" ಎಂದಳು ವರ್ನಾ ಹಿಗ್ಗಿನಿಂದ. "ಯಾರೂ ತೊಳೆದೇ ಇಲ್ಲ ನೋಡು."

"ಚೆನ್ನಾಗಾಯ್ತು ಕಣೆ," ಎಂದ ಆರಿನ್. ಡಾಕ್ಟರು ಮೂರು ತಿಂಗಳಿಂದ ಹೇಳುತ್ತಿದ್ದ ಮರೆವಿನ ಕಾಯಿಲೆಯನ್ನು ಅವನು ಆ ಗಳಿಗೆಯವರೆಗೂ ನಂಬಿರಲಿಲ್ಲ.

ಅವನು ಕೈ ಚಾಚಿದ. ಎರಡೇ ಬೆರಳಲ್ಲಿ ಅಂಚು ಹಿಡಿದಿದ್ದ ನಾಣ್ಯವನ್ನು ವರ್ನಾ ಸರಕ್ಕನೆ ಹಿಂದಕ್ಕೆಳೆದುಕೊಂಡಳು.

"ಅಂಚು ಹಿಡ್ಕೊಳೋ! ಎಷ್ಟು ಸಲ ಹೇಳ್ಬೇಕು ನಿಂಗೆ?" ಎಂದು ಗದರಿದಳು. "ಮುಖ ಮುಟ್ಟಿದ್ರೆ ಬಣ್ಣ ಹಾಳಾಗುತ್ತೆ."