ಒಗ್ಗರಣೆಯ ವಾಸನೆ

ಪಾರ್ಶ್ವವಾಯು ಬಡಿದ ಮೇಲೆ ಚನ್ನಬಸಪ್ಪನವರಿಗೆ ಮಾತೂ ನಿಂತಿತ್ತು, ನುಂಗುವುದಕ್ಕೂ ಆಗುತ್ತಿರಲಿಲ್ಲ. ಹೆಂಡತಿ ನೀಲವ್ವ ಮೂಗಿನ ನಳಿಕೆಯಲ್ಲಿ ಗಂಜಿ ಹಾಕುತ್ತಿದ್ದಳು. ಹಾಕಿದ್ದು ಅರಗದೆ ಹೊಟ್ಟೆಯಲ್ಲೇ ನಿಲ್ಲುತ್ತಿತ್ತು.

“ಊಟದ ವಾಸನಿ ಬಡಿದ ಕೂಡ್ಲೆ ಮಿದುಳು ಹೊಟ್ಟಿಗೆ ಸುದ್ದಿ ಮುಟ್ಟಸ್ತದವ್ವಾ. ಆಗ ಹೊಟ್ಟಿ ಅರಗಸೋ ರಸ ಬಿಡಾಕ ಸುರು ಮಾಡ್ತದ,” ಎಂದರು ಡಾಕ್ಟರು. “ಬರೇ ನಳಿಗ್ಯಾಗ ಸುರುವಿದ್ರ ಆ ಸುದ್ದಿನ ಹೋಗಂಗಿಲ್ಲ. ಗಂಜಿ ಹಾಕೋ ಮೊದಲ ಅವ್ರಿಗೆ ವಾಸನಿ ತೋರಸ್ರಿ.”

ಅಂದಿನಿಂದ ನೀಲವ್ವ ಒಲೆಯನ್ನು ಮಂಚದ ಹತ್ತಿರವೇ ತಂದಿಟ್ಟುಕೊಂಡು ದಿನವೂ ಬೆಳ್ಳುಳ್ಳಿ ಒಗ್ಗರಣೆ ಹಾಕಿದಳು. ಅವರು ಮುಖವನ್ನು ಗೋಡೆಯತ್ತ ತಿರುಗಿಸಿಬಿಡುತ್ತಿದ್ದರು. ಗಂಜಿ ಮಾತ್ರ ಅರಗಲೇ ಇಲ್ಲ.

ಒಂದು ದಿನ ಅವಳಿಗೆ ತಡೆಯಲಾಗಲಿಲ್ಲ. ಸೌಟನ್ನು ನೆಲಕ್ಕೆ ಕುಕ್ಕಿದಳು.

“ಯಾರ ಸಲುವಾಗಿ ಈ ಹೊಗಿ ಕುಡೀಲಿ ನಾ? ನಿಮ್ಮ ಹೊಟ್ಟೀನೂ ಕೇಳಂಗಿಲ್ಲ, ನೀವೂ ಕೇಳಂಗಿಲ್ಲ. ಸಾಕಾತು ನನಗ!”

ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಉರಿಯುವ ಒಲೆಯ ಮೇಲಿದ್ದ ಬಾಣಲೆಯ ನೆನಪೇ ಅವಳಿಗಿರಲಿಲ್ಲ.

ಮಂಚದಿಂದ ತೊದಲು ದನಿಯೊಂದು ಬಂತು: “ಬಳ್ಳೊಳ್ಳಿ... ಹೊತ್ತೈತಿ, ನೀಲಾ.”