ಗುರಣ್ಣನ ನಾಣ್ಯ

ಮುದುಕಿಗೆ ಗಂಡನ ಮುಖವೇ ಮರೆತುಹೋಗಿದೆ ಎಂಬ ಅನುಮಾನ ಅಂಬಾರಾಯನಿಗೆ ಮೂರನೆಯ ಚಿತ್ರ ಹರಿದುಹಾಕುವಾಗ ಬಂತು. ಗೌರಾಬಾಯಿ ಚಿತ್ರವನ್ನು ನೆಟ್ಟಗೆ ನೋಡುತ್ತಲೇ ಇರಲಿಲ್ಲ. ಒಮ್ಮೆ ಕಣ್ಣು ಹಾಯಿಸಿ, ಸೆರಗು ಮುಂದಕ್ಕೆಳೆದು, ಗೋಡೆಯ ಕಡೆ ಮುಖ ಮಾಡಿಕೊಂಡು ತಪ್ಪು ಹೇಳುತ್ತಿದ್ದಳು.

"ಮೂಗು ಇನ್ನಾ ಉದ್ದ ತಮ್ಮಾ. ಎಡಗಡಿ ಹುಬ್ಬಿನ ಮ್ಯಾಲ ಎತ್ತು ತಿವಿದ ಕಲೆ. ಅದನ್ನ ಮಾತ್ರ ಬಿಡಬ್ಯಾಡ."

ಅಂಬಾರಾಯ ಆಳಂದದವನು. ಅಕ್ಕಸಾಲಿಗರಿಗೆ ತಾಳಿಯ ಬಿಲ್ಲೆಯ ಅಚ್ಚು ಕೊರೆದುಕೊಡುತ್ತ ಮೂವತ್ತು ವರ್ಷ ಸವೆಸಿದ್ದ. 1998 ಬಂತು, ನಿಜಾಮನ ಆಡಳಿತ ಮುಗಿದು ಐವತ್ತು ವರ್ಷ. ಗೊಬ್ಬೂರಿನ ಹುತಾತ್ಮ ಗುರಣ್ಣನ ನೆನಪಿಗೆ ಐನೂರು ಬೆಳ್ಳಿ ನಾಣ್ಯ ಹೊರಡಿಸಲು ಸಮಿತಿಯೊಂದು ಹುಟ್ಟಿತು. ಅಚ್ಚಿನ ಕೆಲಸ ಅಂಬಾರಾಯನ ಪಾಲಾಯಿತು. ಬಿಲ್ಲೆ ಕೊರೆದವನ ಹೆಸರು ಯಾರು ಕೇಳುತ್ತಾರೆ? ಈ ಸಲ ವೇದಿಕೆಗೆ ಕರೆದು ಶಾಲು ಹೊದಿಸುತ್ತೇವೆ ಎಂದಿದ್ದರು. ಅವನು ಅದನ್ನು ಆಳಂದದ ಪೇಟೆಯಲ್ಲೆಲ್ಲ ಹೇಳಿಕೊಂಡು ತಿರುಗಿದ್ದ. ತೊಡಕು ಒಂದೇ, ಗುರಣ್ಣನದು ಒಂದು ಫೋಟೊ ಕೂಡ ಇರಲಿಲ್ಲ.

ಕಥೆಗೇನೂ ಕೊರತೆಯಿರಲಿಲ್ಲ. ನಿಜಾಮನ ಕಡೆಯ ರಜಾಕಾರರು ಬಂದ ದಿನ ಗುರಣ್ಣ ಕೊಡಲಿ ಹಿಡಿದು ಮನೆಯ ಬಾಗಿಲಲ್ಲಿ ಒಬ್ಬನೇ ನಿಂತ. ಒಳಗಿದ್ದ ಹೆಂಗಸರು ಮಕ್ಕಳು ಹಿತ್ತಲಿನಿಂದ ಪಾರಾದರು. ಗುಂಡು ಹಾರಿತು, ಬಾಗಿಲಿಗೆ ಬೆಂಕಿ ಬಿತ್ತು. ಕರಕಾದ ಹೆಣವನ್ನು ಗುರುತಿಸಿದವಳು ಹೆಂಡತಿ ಗೌರಾಬಾಯಿ. ಎತ್ತಿನ ವ್ಯಾಪಾರಕ್ಕೆ ಬಂದು ಅವರ ಮನೆಯಲ್ಲೇ ಇಳಿಯುತ್ತಿದ್ದ ಇಜೇರಿಯ ಗೆಳೆಯ ಶರಫುದ್ದೀನನೇ ಮನೆ ತೋರಿಸಿಕೊಟ್ಟ ಎಂದು ಊರು ತೀರ್ಮಾನಿಸಿತು. ಅಂದಿನಿಂದ ಅವನ ಸುಳಿವಿಲ್ಲ. ಬೇರೆ ಸಾಕ್ಷಿ ಏಕೆ ಬೇಕು? ಅವನ ಹೆಂಡತಿ ಅಮೀರುನ್ನಿಸಾ ದ್ರೋಹಿಯ ಹೆಂಡತಿ ಎನಿಸಿಕೊಂಡೇ ಇಜೇರಿಯಲ್ಲಿ ಮುದುಕಿಯಾದಳು.

ಐದನೆಯ ಚಿತ್ರಕ್ಕೆ ಗೌರಾಬಾಯಿ ತಲೆಯಾಡಿಸಿದಳು. ಕಣ್ಣು ಒದ್ದೆಯಾಗಿತ್ತು. ಅಂಬಾರಾಯ ಗೆದ್ದೆನೆಂದುಕೊಂಡು ಬಸ್ಸು ಹತ್ತಿದ.

ಅಚ್ಚನ್ನು ಉಲ್ಟಾ ಕೊರೆಯಬೇಕು. ಹದಿನೈದು ದಿನ ಉಣ್ಣುವ ಹೊತ್ತು ಮರೆತು ಕೊರೆದ. ಮೊದಲ ನಾಣ್ಯ ಒತ್ತಿ, ಸಮಿತಿಯ ಹಿರಿಯ ಚಂದ್ರಾಮಪ್ಪನ ಕೈಗಿಟ್ಟ. ಚಂದ್ರಾಮಪ್ಪ ಗೊಬ್ಬೂರಿನವನೇ, ಐದಾರು ವರ್ಷದವನಿದ್ದಾಗ ಗುರಣ್ಣನ ಹೆಗಲೇರಿ ಆಡಿದವನು.

ಅವನು ನಾಣ್ಯವನ್ನು ಬೆಳಕಿಗೆ ಹಿಡಿದು ಹುಬ್ಬು ಗಂಟಿಕ್ಕಿದ.

"ಇದು ಯಾರ ಮಾರಿ ಅಂಬಾರಾಯ? ಗುರಣ್ಣ ಕಾಕಾಗ ಕಲೆ ಇದ್ದಿದ್ದೇ ಇಲ್ಲ."

ಸುತ್ತ ಕೂತವರು ನಕ್ಕರು. ಎಡ ಬಲ ಅದಲುಬದಲಾಯಿತೇ ಎಂದು ಒಬ್ಬ ಕೇಳಿದ. ಭೂಮಿ ಬಾಯಿಬಿಡಬಾರದೇ ಅನ್ನಿಸಿತು ಅಂಬಾರಾಯನಿಗೆ. ಅಚ್ಚು ಒಡೆದುಹಾಕು, ಕೆಲಸ ಸೋಲಾಪುರದವರಿಗೆ ಕೊಡುತ್ತೇವೆ ಎಂದು ಚಂದ್ರಾಮಪ್ಪ ಮಾತು ಮುಗಿಸಿದ. ಶಾಲು ಯಾವಾಗ ಎಂದು ಪೇಟೆಯವರು ಕೇಳತೊಡಗಿದ ಮೇಲೆ ಅಂಬಾರಾಯ ಸಂದಿಗೊಂದಿ ಹಿಡಿದು ಮನೆ ಸೇರುವಂತಾಯಿತು. ನಾಚಿಕೆ ಸಿಟ್ಟಾಯಿತು. ಸಿಟ್ಟು ಅವನನ್ನು ಮತ್ತೆ ಗೊಬ್ಬೂರಿಗೆ ಎಳೆದುಕೊಂಡು ಹೋಯಿತು.

ನಾಣ್ಯವನ್ನು ಮುದುಕಿಯ ಅಂಗೈಗೆ ಹಾಕಿದ.

"ಆಯಿ, ಗಂಡನ ಮಾರಿ ನೆನಪಿಲ್ಲಂದ್ರ ಮೊದಲೇ ಹೇಳಬೇಕಿತ್ರಿ. ನನ್ನ ಮಾನ ಹೋತು. ನಾಳಿ ಅಚ್ಚು ಒಡೀತೇನಿ."

ಗೌರಾಬಾಯಿ ಮೊದಲ ಸಲ ಆ ಮುಖವನ್ನು ನೆಟ್ಟಗೆ ನೋಡಿದಳು. ಬಹಳ ಹೊತ್ತು ನೋಡಿದಳು. ಅಂಬಾರಾಯನಿಗೆ ಬೈದದ್ದು ಹೆಚ್ಚಾಯಿತೇನೋ ಎಂದು ಕಸಿವಿಸಿಯಾಯಿತು. ವಯಸ್ಸಾದವಳು, ಮರೆತಿದ್ದರೆ ಆಕೆಯದೇನು ತಪ್ಪು?

"ಹುತಾತ್ಮರ ಹೆಂಡತಿ ಅಂತ ಐವತ್ತು ವರ್ಷ ಹಾರ ಹಾಕಿಸ್ಕೊಂಡೇನಿ. ನಾಚಿಗ್ಗೇಡಿ ನಾ, ತಮ್ಮಾ," ಎಂದಳು. "ಅಚ್ಚು ಒಡೀಬ್ಯಾಡ. ಮಾರಿ ಬರೋಬ್ಬರಿ ಅದ, ಹೆಸರು ತಿದ್ದು."

ಅಂಬಾರಾಯ ಬಗ್ಗಿ ನಾಣ್ಯದ ಮೇಲಿನ ಹೆಸರು ಓದಿದ, ಗುರಣ್ಣ ಎಂದೇ ಇತ್ತು.

"ಬಾಗಲದಾಗ ನಿಂತು ಸತ್ತಾಂವ ಶರಫುದ್ದೀನ. ನಮ್ಮ ಮನಿಯವರು ನೆಲದಾಗಿನ ಜ್ವಾಳದ ಹಗೇವಿನ್ಯಾಗ ಅಡಗಿ ಕುಂತು, ಅಲ್ಲೇ ಉಸರು ಕಟ್ಟಿ ಹೋದ್ರು."